ಹೋಲಿಸಿ ನೋಡಲು ತಂದ ನೀರು

ಮಾನ್ಯ ಅಧ್ಯಕ್ಷರೇ, ವಿಭಾಗದ ಮೇಡಂ ಅವರೇ, ಈ ಸೆಕೆಯಲ್ಲೂ ಕೋಟು ಬಿಚ್ಚದ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಫೋನು ಒತ್ತುತ್ತಿರುವ ಸಭಿಕರೇ,

ಪರಿಸರ ಭೂವಿಜ್ಞಾನ ಓದಿದರೆ ಮುಂದೇನು ಎಂದು ಹೊಸ ಮಕ್ಕಳಿಗೆ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನನ್ನ ಮೊಮ್ಮಗಳು ಓದಿದ್ದು ಇಲ್ಲಿ.

ಅವಳು ಸೇರಿದಾಗ ನಾನೇ ಕೇಳಿದ್ದೆ, "ಮಣ್ಣು ನೋಡೋಕೆ ಕಾಲೇಜು ಯಾಕೆ? ಕಾಲ ಕೆಳಗೇ ಬಿದ್ದಿದೆಯಲ್ಲ!"

"ಮೇಲಿಂದ ಕಾಣೋದಿಲ್ಲ ಅಜ್ಜಿ," ಅಂದಳು.

ಕಾರ್ಖಾನೆ ಬೀದಿಯ ಬಾವಿಗಳ ನೀರು ಪರೀಕ್ಷಿಸುವುದು ಅವಳ ಪ್ರಾಜೆಕ್ಟು. ಕೆಟ್ಟ ನೀರಿಗೆ ಹೋಲಿಸಲು ಒಂದು ಒಳ್ಳೆಯ ನೀರೂ ಬೇಕಂತೆ. ಎಲ್ಲಿಂದ ತಂದಳು? ನಮ್ಮ ಹಿತ್ತಲ ಬಾವಿಯಿಂದ! ಇಂಥ ನೀರು ಊರಲ್ಲೇ ಇಲ್ಲ ಎಂದು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಕೇಳಿದ್ದಳಲ್ಲ. ಆ ಬಾವಿ ತೋಡಿಸಿದ್ದು ನಮ್ಮ ಯಜಮಾನರು. ಅವರು ನನಗೆಂದು ಮಾಡಿಸಿದ್ದು ಅದೊಂದೇ... ಬಿಡಿ, ಆ ಮಾತು ಈಗ ಬೇಡ.

ಫಲಿತಾಂಶ ಬಂತು. ಎಲ್ಲಕ್ಕಿಂತ ಕೆಟ್ಟ ನೀರು ನಮ್ಮದೇ! ವಿಷ ಎಲ್ಲಿಂದ? ಬಾವಿ ಪಕ್ಕದ ಶೆಡ್ಡಿನಿಂದ. ನಲ್ಲಿಗಳಿಗೆ ಹೊಳಪು ಹಚ್ಚುವ ಶೆಡ್ಡು ಅದು. ರಾಸಾಯನಿಕದ ನೀರು ತುಂಬಿಡುವ ತೊಟ್ಟಿಯ ತಳ ಬಿರುಕು ಬಿಟ್ಟಿತ್ತು. ಶೆಡ್ಡು ಯಾರದು? ನನ್ನ ಮಗನದು. ಅಂದರೆ, ಅವಳಪ್ಪನದು.

"ಬೇರೆ ಕಡೆ ನೀರು ತಗೊಂಡು ಅದನ್ನೇ ಬರಿ. ಯಾರಿಗೆ ಗೊತ್ತಾಗುತ್ತೆ?" ಅಂದ ಮಗ.

ಊಟಕ್ಕೆ ಕೂತಿದ್ದ ಹುಡುಗಿ ತಟ್ಟೆ ಬಿಟ್ಟು ನನ್ನ ಮುಖ ನೋಡಿದಳು. "ಇದ್ದದ್ದು ಬರೆದರೆ ಶೆಡ್ಡು ಮುಚ್ಚಿಸ್ತಾರೆ ಅಜ್ಜಿ."

"ಬರಿಯೇ," ಅಂದು ಮಗನತ್ತ ತಿರುಗಿದೆ. "ನಿನ್ನ ನಲ್ಲಿ ಫಳಫಳ ಹೊಳೆಯುತ್ತೆ ಕಣೋ ಮಗನೇ, ಒಳಗಿಂದ ಬರೋ ನೀರು ನೋಡೋರು ಯಾರು?"

ಬರೆದಳು. ಶೆಡ್ಡಿಗೆ ಬೀಗ ಬಿತ್ತು. ಮಗ ನನ್ನೊಡನೆ ಮಾತು ಬಿಟ್ಟ. ಕಿವಿಗೆ ಆರಾಮವಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆರಾಮವೇನೂ ಆಗಿರಲಿಲ್ಲ. ಕೊನೆಗೆ ತೊಟ್ಟಿ ಸರಿಯಾಗಿ ಕಟ್ಟಿಸಲು, ಕೆಟ್ಟ ಮಣ್ಣು ತೆಗೆಸಲು ತಿಳಿದವರು ಬೇಕಾಯಿತು. ಊರೆಲ್ಲ ಅಲೆದು ಯಾರನ್ನು ಕರೆದ? ಮಗಳನ್ನೇ! ಅಪ್ಪನೆಂದು ರಿಯಾಯಿತಿಯನ್ನೂ ಕೊಡಲಿಲ್ಲ ನಮ್ಮ ಹುಡುಗಿ.

ಅವಳ ಜೊತೆಗೆ ಓದಿದವನೊಬ್ಬ ಸುರಂಗ ಕೊರೆಯುವ ಮುಂಚೆ ಬಂಡೆಯ ಗಟ್ಟಿತನ ನೋಡುತ್ತಾನೆ. ಇನ್ನೊಬ್ಬಳು ವಿಮೆ ಕಂಪನಿಯಲ್ಲಿ ಯಾರ ಮನೆಗೆ ನೆರೆ ನುಗ್ಗುತ್ತದೆಂದು ಹೇಳುತ್ತಾಳೆ, ಜ್ಯೋತಿಷಿಗಿಂತ ಚೆನ್ನಾಗಿ. ಇನ್ನೂ ಕೆಲಸ ಉಂಟೇ ಎನ್ನುತ್ತೀರಾ? ಅಧ್ಯಕ್ಷರೇ, ನಿಮ್ಮ ಮುಂದಿರುವ ಬಾಟಲಿ ನೀರು ಯಾವ ನೆಲದ್ದು? ಗೊತ್ತಿಲ್ಲ ತಾನೇ? ನೋಡಿದಿರಾ ಮಕ್ಕಳೇ!

ನನ್ನ ಬಾವಿಯ ನೀರು ಇನ್ನೂ ಕುಡಿಯುವ ಹಾಗಿಲ್ಲ. ವಿಷದ ಪ್ರಮಾಣ ಇಳಿಯುತ್ತಿದೆ ಎನ್ನುತ್ತಾಳೆ ಮೊಮ್ಮಗಳು. ಇವತ್ತು ನನ್ನನ್ನು ಇಲ್ಲಿಗೆ ಕರೆತಂದವನು ಮಗನೇ, ಅಗೋ, ಬಾಗಿಲ ಹತ್ತಿರ ನಿಂತಿದ್ದಾನೆ. ನೀರು ಸರಿಹೋದ ದಿನ ಮೊದಲ ಲೋಟ ಅವನಿಗೆ, ಎರಡನೆಯದು ನನಗೆ. ಅಲ್ಲಿಯವರೆಗೆ ಸಾಯುವ ಯೋಚನೆ ನನಗಿಲ್ಲ.

ಮುದುಕಿಯ ಮಾತಿಗೆ ಕಿವಿಗೊಟ್ಟಿರಿ, ಉಪಕಾರವಾಯಿತು. ನಮಸ್ಕಾರ.