ಟೀಚರ್ ಹಾಕಿದ ಬೈಂಡ್

ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ಆಡಳಿತ ಸಮಿತಿಯ ಸದಸ್ಯರೇ, ಮುಖ್ಯೋಪಾಧ್ಯಾಯರೇ, ಈ ಸಂಜೆ ಯಾರ ನಿವೃತ್ತಿಯ ಬೀಳ್ಕೊಡುಗೆಗಾಗಿ ಸೇರಿದ್ದೇವೋ ಆ ನಮ್ಮೆಲ್ಲರ ಟೀಚರ್ ಅವರೇ, ಹಳೆಯ ವಿದ್ಯಾರ್ಥಿಗಳೇ, ನೆಲದ ಮೇಲೆ ಕಾಲು ಮಡಚಿ ಕುಳಿತು ಸಾಕಾಗಿರುವ ಮಕ್ಕಳೇ, ಮತ್ತು ಸಭಿಕರೇ,

ನನ್ನನ್ನು ಸಾಹಿತ್ಯಾಸಕ್ತರು ಎಂದು ಪರಿಚಯಿಸಿದರು. ಅದು ಅವರ ಸೌಜನ್ಯ. ನಾನು ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವಳು. ಬದುಕೆಲ್ಲ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವಳು. ನಿವೃತ್ತಿಯಾದರೂ ಆ ಚಾಳಿ ಹೋಗಿಲ್ಲ. ಬೀದಿದೀಪ ಕೆಟ್ಟರೆ ಪತ್ರ ಬರೆಯುತ್ತೇನೆ, ಉದ್ಯಾನದ ಬೆಂಚು ಮುರಿದರೆ ಪತ್ರ ಬರೆಯುತ್ತೇನೆ. ನನ್ನ ಕಾಗದ ಕಂಡರೆ ಪತ್ರಿಕೆಯವರು ಈಗ ತೆರೆಯುವ ಮೊದಲೇ ನಿಟ್ಟುಸಿರು ಬಿಡುತ್ತಾರಂತೆ. ಇಂಥವಳ ಕೈಗೆ ಮೈಕು ಕೊಟ್ಟಿದ್ದೀರಿ. ಮುಂದಿನದಕ್ಕೆ ನೀವೇ ಹೊಣೆ.

ಟೀಚರ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿ ಎಂದು ಕರೆದಿರಿ. ನಾಲ್ಕಲ್ಲ, ನಲವತ್ತು ಬರೆದು ತಂದಿದ್ದೆ. ಆದರೆ ಒಳಗೆ ಬರುವಾಗ ಈ ಸಭಾಂಗಣದ ಹಿಂದಿನ ಗೋಡೆಗೆ ಒರಗಿಸಿಟ್ಟ ಕಪಾಟನ್ನು ನೋಡಿದೆ. ಬರೆದು ತಂದದ್ದು ಚೀಲದಲ್ಲೇ ಉಳಿಯಿತು.

ದಯವಿಟ್ಟು ಎಲ್ಲರೂ ಒಮ್ಮೆ ತಿರುಗಿ ನೋಡಿ. ಎಷ್ಟು ಚೆಂದವಾಗಿದೆ! ಹೊಸ ಬಣ್ಣ, ಮೇಲೊಂದು ದೀಪ, ಟೀಚರ್ ಹೆಸರಿನ ಫಲಕ. ಪುಸ್ತಕಗಳ ಬೆನ್ನಿಗೆ ಬಣ್ಣದ ಟೇಪು. ಕೆಂಪೆಂದರೆ ಆರಂಭದ ಹಂತ, ಹಳದಿಯೆಂದರೆ ಮಧ್ಯಮ, ಹಸಿರೆಂದರೆ ಮೇಲಿನ ಹಂತ. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ, ‘ನಿನ್ನ ಹಂತ ತಿಳಿ, ನಿನ್ನ ಪುಸ್ತಕ ಆರಿಸು.’ ಸಮಿತಿಯವರು ವಾರಗಟ್ಟಲೆ ದುಡಿದಿದ್ದಾರೆ. ಹಳೆಯ, ಜಿಡ್ಡುಗಟ್ಟಿದ ಕಂದು ಕಾಗದದ ಬೈಂಡುಗಳನ್ನೆಲ್ಲ ತಮ್ಮ ಕೈಯಾರೆ ಬಿಚ್ಚಿದ್ದಾರೆ. ಟೀಚರ್ ರಜೆಯಲ್ಲಿದ್ದಾಗ ಅವರಿಗೆ ತಿಳಿಯದಂತೆ ಮಾಡಿ, ಮಕ್ಕಳಿಗೆ ಪುಸ್ತಕ ಕೊಡಲೂ ಶುರುಮಾಡಿ, ಇವತ್ತು ಬೆಳಿಗ್ಗೆ ಕಣ್ಣು ಮುಚ್ಚಿಸಿ ಕರೆತಂದು ತೋರಿಸಿದ್ದಾರೆ. ಟೀಚರ್ ಏನೆಂದರು? “ಚೆನ್ನಾಗಿದೆ” ಅಂದರಂತೆ. ಇನ್ನೇನು ಹೇಳಿಯಾರು? ಮಕ್ಕಳು ಬಿಡಿಸಿದ ಆನೆ ಹಂದಿಯಂತಿದ್ದರೂ ಚೆನ್ನಾಗಿದೆ ಅಂದವರೇ ಅವರು.

ಸಮಿತಿಯ ಮಹನೀಯರೇ, ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ನೀವು ಬಿಚ್ಚಿದ್ದು ಏನನ್ನು ಎಂದು ನಿಮಗೆ ಗೊತ್ತಿಲ್ಲ. ಅದನ್ನು ಹೇಳದೆ ಈ ವೇದಿಕೆ ಇಳಿದರೆ ನಾನು ಮನುಷ್ಯಳಲ್ಲ.

ಟೀಚರ್ ಪುಸ್ತಕ ಕೊಡುತ್ತಿದ್ದ ರೀತಿ ನಿಮಗೆ ನೆನಪಿದೆಯೇ? ಹಳೆಯ ವಿದ್ಯಾರ್ಥಿಗಳು ತಲೆಯಾಡಿಸುತ್ತಿದ್ದೀರಿ. ಯಾವ ತರಗತಿ ಎಂದು ಅವರು ಕೇಳುತ್ತಿರಲಿಲ್ಲ. “ಹೋದ ವಾರ ಯಾವುದಕ್ಕೆ ನಕ್ಕೆ?” ಎಂದು ಕೇಳುತ್ತಿದ್ದರು. “ಮನೇಲಿ ಯಾವ ವಸ್ತು ಬಿಚ್ಚಿಹಾಕಿ ಬೈಸಿಕೊಂಡೆ?” ಎಂದು ಕೇಳುತ್ತಿದ್ದರು. ಉಗ್ಗುವ ಹುಡುಗಿಗೆ ಒಗಟಿನ ಪುಸ್ತಕ ಕೊಟ್ಟರು, ಒಂದು ಸಾಲು ಓದಿ ನಿಲ್ಲಿಸಿದರೂ ಅಲ್ಲಿ ಗೆಲುವಿದೆ ಎಂದು. ದಪ್ಪ ಪುಸ್ತಕ ಕಂಡರೆ ಬೆವರುವವನಿಗೆ ಬೆರಳಷ್ಟೂ ದಪ್ಪವಿಲ್ಲದ್ದನ್ನು ಕೊಟ್ಟರು. “ಮೊದಲು ಮುಗಿಸೋ ರುಚಿ ಹತ್ತಲಿ, ಓದೋ ರುಚಿ ಹಿಂದೇನೇ ಬರುತ್ತೆ” ಅನ್ನುತ್ತಿದ್ದರು. ಒಂದೇ ಪುಸ್ತಕವನ್ನು ಐದಾರು ಸಲ ಒಯ್ದವನ ತಾಯಿ ಬಂದು ದೂರಿದಾಗ, “ನೀವು ದಿನಾ ಒಂದೇ ಹಾದೀಲಿ ಮನೆಗೆ ಹೋಗ್ತೀರಲ್ಲ ಅಮ್ಮ, ಬೇಜಾರಾಗಿದೆಯಾ?” ಅಂದರಂತೆ. ಅಕ್ಷರ ದೊಡ್ಡದಿರಲಿ, ವಾಕ್ಯ ಚಿಕ್ಕದಿರಲಿ, ಆದರೆ ಓದುವವನನ್ನು ಚಿಕ್ಕವನನ್ನಾಗಿ ಮಾಡುವ ಪುಸ್ತಕ ಮಾತ್ರ ಬೇಡ. ಇದು ಅವರ ಶಾಸ್ತ್ರ.

ಮತ್ತು ಪ್ರತಿ ಪುಸ್ತಕಕ್ಕೂ ಒಂದೇ ಕಂದು ಕಾಗದದ ಬೈಂಡ್. ಹೆಸರಿಲ್ಲ, ತರಗತಿಯಿಲ್ಲ. ಪುಸ್ತಕ ಮುಗಿಸಿದವರು ಬೈಂಡಿನ ಮೇಲೆ ಒಂದು ಚಿತ್ರ ಬಿಡಿಸಬೇಕು, ಅಷ್ಟೇ. ನಾಯಿಯೋ ದೋಣಿಯೋ ಮುರಿದ ಕೊಡೆಯೋ. ಮುಂದಿನವರು ಚಿತ್ರ ನೋಡಿ ಆರಿಸುತ್ತಿದ್ದರು. ತರಗತಿಗೇ ಮೊದಲಿಗಳಾದ ಹುಡುಗಿಯ ಕೈಯಲ್ಲೂ ಕಂದು ಪುಸ್ತಕ, ಮೂರು ಅಕ್ಷರ ಕೂಡಿಸಲು ಮುಕ್ಕರಿಯುವವನ ಕೈಯಲ್ಲೂ ಕಂದು ಪುಸ್ತಕ. ಬೀದಿಯಲ್ಲಿ ಹಿಡಿದುಕೊಂಡು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಭಿಕರೇ, ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕಾಗಿದೆ. ಅಧ್ಯಕ್ಷರು ಗಡಿಯಾರ ನೋಡಲಿ, ಪರವಾಗಿಲ್ಲ.

ನಮ್ಮಪ್ಪ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿಯೇ ನಮ್ಮ ನಿಮ್ಮೆಲ್ಲರಿಗಿಂತ ಬೇಗ ಓದುತ್ತಿದ್ದರು. ಮನೆಯಲ್ಲಿ ಅನ್ನಕ್ಕಿಂತ ಹೆಚ್ಚು ಅಕ್ಷರವಿತ್ತು. ಆದರೆ ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ನನ್ನ ತಮ್ಮನಿಗೆ ಹನ್ನೆರಡು ದಾಟಿದರೂ ಓದಲು ಬರುತ್ತಿರಲಿಲ್ಲ. ಬುದ್ಧಿಯಿಲ್ಲವೆಂದಲ್ಲ. ಬೀದಿಯಲ್ಲಿ ಯಾರ ಸೈಕಲ್ ಕೆಟ್ಟರೂ ಅವನೇ ಬೇಕು, ಅದಕ್ಕೇ ಎಲ್ಲರೂ ಅವನನ್ನು ‘ಗಾಲಿ’ ಎಂದು ಕರೆಯುತ್ತಿದ್ದರು. ಅಕ್ಷರಗಳು ಮಾತ್ರ ಅವನ ಕಣ್ಣೆದುರು ನಿಲ್ಲುತ್ತಿರಲಿಲ್ಲ. “ಅಕ್ಕಾ, ಅವು ಇರುವೆ ಥರ ಹರಿದಾಡ್ತವೆ” ಅನ್ನುತ್ತಿದ್ದ.

ಸಂಜೆ ಅಪ್ಪನ ಗೆಳೆಯರು ಬಂದರೆ ಮಕ್ಕಳು ಅವರ ಮುಂದೆ ಪತ್ರಿಕೆ ಓದಬೇಕು. ಅದು ಮನೆಯ ಕಟ್ಟಳೆ. ಮಧ್ಯಾಹ್ನವೇ ನಾನು ಮೊದಲ ಪುಟದ ಸುದ್ದಿಯನ್ನು ತಮ್ಮನಿಗೆ ಓದಿ ಹೇಳುತ್ತಿದ್ದೆ. ಅವನು ಬಾಯಿಪಾಠ ಮಾಡಿ, ಸಂಜೆ ಕಣ್ಣಾಡಿಸುತ್ತ ‘ಓದಿ’ ಬಿಡುತ್ತಿದ್ದ. ಒಂದು ಸಂಜೆ ಅಪ್ಪ ಪತ್ರಿಕೆ ತಿರುಗಿಸಿ ಹಿಂದಿನ ಪುಟ ಕೈಗಿತ್ತರು. ಇವನು ಗಮನಿಸಲಿಲ್ಲ. ಆಟದ ಪುಟ ಹಿಡಿದುಕೊಂಡು ಸೇತುವೆ ಉದ್ಘಾಟನೆಯ ಸುದ್ದಿಯನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದು ಅಕ್ಷರ ತಪ್ಪದೆ ಹೇಳಿ ಮುಗಿಸಿದ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು, “ಏನಯ್ಯಾ, ನಿನ್ನ ಮಗ ನಿನಗಿಂತ ಮುಂದೆ ಹೋದ, ಕಾಗದಾನೇ ಬೇಡ ಅವನಿಗೆ!” ಅಂದರು. ಅಪ್ಪನೂ ನಕ್ಕರು. ತಮ್ಮ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಕುರ್ಚಿಯ ಮೇಲಿಟ್ಟು ಒಳಗೆ ಹೋದ. ಅಂದಿನಿಂದ ಅಪ್ಪನ ಎದುರು ಅವನು ಬಾಯಿ ಬಿಟ್ಟದ್ದು ಕಡಿಮೆ.

ಆ ವರ್ಷವೇ ಈ ಟೀಚರ್ ಈ ಶಾಲೆಗೆ ಬಂದದ್ದು. ಮೊದಲ ಕೆಲಸ. ನೋಡಿದರೆ ಅವರೇ ವಿದ್ಯಾರ್ಥಿನಿಯಂತಿದ್ದರು. ತಮ್ಮನನ್ನು ಕರೆದು, “ಏನೋ, ಸೈಕಲ್ ಪಂಪಿನೊಳಗೆ ಏನಿರುತ್ತೆ?” ಎಂದು ಕೇಳಿದರಂತೆ. ಅವನು ಗಂಟೆಹೊತ್ತು ವಿವರಿಸಿದನಂತೆ. ಕೊನೆಗೆ ಬೈಂಡ್ ಹಾಕಿದ ಒಂದು ತೆಳ್ಳಗಿನ ಪುಸ್ತಕ ಕೊಟ್ಟು, “ಇದರಲ್ಲಿ ಒಬ್ಬ ನಾಯಿಗೆ ಗಾಡಿ ಮಾಡಿಕೊಡ್ತಾನೆ. ಗಾಲಿ ಜೋಡಿಸಿರೋದು ತಪ್ಪು ಅಂತ ನನಗೆ ಅನುಮಾನ. ನೋಡಿ ಹೇಳು” ಅಂದರಂತೆ.

ಒಂದು ಭಾನುವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ಕುಳಿತು ನನ್ನ ತಮ್ಮ ಒಬ್ಬನೇ ನಗುತ್ತಿದ್ದ. ಪುಸ್ತಕ ಹಿಡಿದು ನಗುತ್ತಿದ್ದ! ಅಪ್ಪ ಬಂದರು. ಪುಸ್ತಕ ಕಿತ್ತುಕೊಂಡರು. ಬೈಂಡ್ ಬಿಚ್ಚಿದರು. ಒಳಗೆ ಏಳು ವರ್ಷದವರು ಓದುವ ಚಿತ್ರದ ಪುಸ್ತಕ. ಅವರ ಮುಖ ಕಪ್ಪಿಟ್ಟಿತು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ತಮ್ಮ ಹರಿದ ಬೈಂಡನ್ನು ನೆಲದಿಂದ ಎತ್ತಿಕೊಂಡ. ಅಳಲಿಲ್ಲ.

ಸಮಿತಿಯವರೇ, ನೀವು ಮಾಡಿದ್ದೂ ಅದೇ. ಅವರು ಕೋಪದಿಂದ ಬಿಚ್ಚಿದರು, ನೀವು ಪ್ರೀತಿಯಿಂದ ಬಿಚ್ಚಿದಿರಿ. ಹುಡುಗನಿಗೆ ಏನು ವ್ಯತ್ಯಾಸ? ಪುಸ್ತಕದ ಭಾರವನ್ನು ಯಾವ ಮಗುವಾದರೂ ಹೊರುತ್ತದೆ, ನಾಚಿಕೆಯ ಭಾರವನ್ನು ಯಾವ ಮಗು ಹೊತ್ತೀತು?

ಈ ವಾರ ನನ್ನ ತಮ್ಮನ ಮಗಳು, ಇದೇ ಶಾಲೆಯ ಆರನೆಯ ತರಗತಿಯವಳು, ನನ್ನ ಮನೆಗೆ ಬಂದಿದ್ದಳು. ಪ್ರತಿ ಸಲ ಕಂದು ಪುಸ್ತಕ ತಂದು ನನ್ನ ಪಕ್ಕ ಕುಳಿತು ಒಂದೊಂದೇ ಪದ ಓದುತ್ತಿದ್ದವಳು ಅವತ್ತು ಬರಿಗೈಯಲ್ಲಿ ಬಂದಳು. “ಪುಸ್ತಕ ಎಲ್ಲೇ?” ಅಂದೆ. “ಇನ್ನು ತರಲ್ಲ ಅತ್ತೆ” ಅಂದಳು. “ಯಾಕೆ?” “ನಂದು ಕೆಂಪು” ಅಂದಳು. ಅಷ್ಟೇ. ನನಗೆ ಅರ್ಥವಾಗಲಿಲ್ಲ. ಒತ್ತಾಯಿಸಿದ್ದಕ್ಕೆ, “ಅತ್ತೆ, ಒಂದನೇ ಕ್ಲಾಸಿನ ಮಕ್ಕಳು ಕೂಡ ‘ಅಕ್ಕಾ ನಮ್ ಪುಸ್ತಕ ಯಾಕ್ ತಗೊಂಡೆ’ ಅಂತಾರೆ” ಅಂದಳು. ಇವತ್ತು ಆ ಕಪಾಟು ನೋಡಿದಾಗ ಅರ್ಥವಾಯಿತು. ನನ್ನ ತಮ್ಮನಿಗಿದ್ದ ತೊಡಕೇ ಅವನ ಮಗಳಿಗೂ ಬಂದಿದೆ. ಆದರೆ ಅವನಿಗಿದ್ದ ಟೀಚರ್ ನಾಳೆಯಿಂದ ಇರುವುದಿಲ್ಲ. ಬೈಂಡಾದರೂ ಇರಬೇಡವೇ? ಈಗ ಬಿಟ್ಟರೆ ಆ ಹುಡುಗಿ ಮತ್ತೆ ಪುಸ್ತಕ ಮುಟ್ಟುವುದಿಲ್ಲ. ನಾನು ಬಲ್ಲೆ. ಆ ಮೌನವನ್ನು ನಾನು ಒಮ್ಮೆ ನೋಡಿದ್ದೇನೆ.

ತಿದ್ದಿಕೊಳ್ಳುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮಪ್ಪ ಹೇಗೆ ತಿದ್ದಿಕೊಂಡರೋ ಹಾಗೆ. ಬೈಂಡ್ ಬಿಚ್ಚಿದ ಮರುದಿನ ಕಾಲೇಜಿಗೆ ಹೊರಟಿದ್ದ ನಾನೂ ಅಪ್ಪನ ಹಿಂದೆ ಈ ಶಾಲೆಗೆ ಬಂದೆ. ಬಾಗಿಲಲ್ಲೇ ಅಪ್ಪ ಶುರುಮಾಡಿದರು. “ನನ್ನ ಮಗನಿಗೆ ಮೀಸೆ ಮೂಡೋ ವಯಸ್ಸು. ಹಾಲುಹಲ್ಲಿನ ಮಕ್ಕಳ ಪುಸ್ತಕ ಕೊಟ್ಟಿದೀರಲ್ಲ, ತಮಾಷೆನಾ?”

ಟೀಚರ್ ಕೇಳಿದ್ದು ಒಂದೇ. “ಮುಗಿಸಿದನಾ?”

“ಏನು?”

“ಪುಸ್ತಕ. ಮುಗಿಸಿದನಾ ಅಂತ.”

ಅಪ್ಪ ಕಂಕುಳಲ್ಲಿದ್ದ ಪುಸ್ತಕವನ್ನು ಕೈಗೆ ತೆಗೆದುಕೊಂಡರು. “ನಗ್ತಿದ್ದ” ಅಂದರು.

“ಹಾಗಾದ್ರೆ ಮುಂದಿನದು ಕೊಡಬೇಕು. ಇದರ ಬೈಂಡ್ ಬಿಚ್ಚಿದ್ದು ಯಾರು? ನೀವಾ? ನನ್ನ ಹತ್ರ ಇನ್ನು ಕಾಗದ ಇಲ್ಲ ಸರ್. ಇರೋ ಹತ್ತು ಪುಸ್ತಕಕ್ಕೇ ಸಾಲದೆ ಬಂತು.”

ಅಪ್ಪ ಪುಸ್ತಕ ಮೇಜಿನ ಮೇಲಿಟ್ಟು ಬಂದುಬಿಟ್ಟರು. ಆದರೆ ಸಂಜೆ ಅಚ್ಚುಮನೆಯಿಂದ ಬರುವಾಗ ಕಂಕುಳಲ್ಲಿ ಒಂದು ಸುರುಳಿ ಇತ್ತು. ಅಚ್ಚಿನ ಕಾಗದದ ಕಟ್ಟುಗಳು ಕಂದು ಹೊದಿಕೆಯಲ್ಲಿ ಬರುತ್ತವೆ, ಗಟ್ಟಿ ಹೊದಿಕೆ. ಅದನ್ನು ಸುಕ್ಕು ಬಿಡಿಸಿ, ಅಂಚು ಕತ್ತರಿಸಿ, ಸುತ್ತಿ ತಂದಿದ್ದರು. “ನಾಳೆ ಹೋಗ್ತಾ ಆ ಟೀಚರಿಗೆ ಕೊಟ್ಟುಬಿಡು” ಅಂದರು. ಆಮೇಲೆ ಪ್ರತಿ ತಿಂಗಳೂ ತಂದರು. ನಾನು ಹೊತ್ತೆ. ಹತ್ತು ಪುಸ್ತಕ ಇಡೀ ಕಪಾಟಾದದ್ದು ಹಾಗೆ. ನೀವು ಜಿಡ್ಡುಗಟ್ಟಿದ್ದು ಎಂದು ಬಿಚ್ಚಿದ ಬೈಂಡುಗಳಲ್ಲಿ ಅಚ್ಚುಮನೆ ಮುಚ್ಚುವ ತನಕ ಸೇರಿದ್ದೆಲ್ಲ ನಮ್ಮಪ್ಪ ಕತ್ತರಿಸಿ ಕೊಟ್ಟ ಕಾಗದ. “ಅವನಿಗೆ ಮಾತ್ರ ಹೇಳಬೇಡ, ನನ್ನದು ಅಂತ ಗೊತ್ತಾದರೆ ಪುಸ್ತಕ ಮುಟ್ಟಲ್ಲ ಅವನು” ಅಂದಿದ್ದರು.

ಅಯ್ಯೋ.

ಕ್ಷಮಿಸಿ. ಒಂದು ಗುಟುಕು ನೀರು.

ಇದನ್ನು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ವಾದದ ಭರದಲ್ಲಿ ಬಾಯಿಂದ ಜಾರಿತು. ಕರಡಿನಲ್ಲಾದರೆ ಅಳಿಸಬಹುದು, ಮೈಕಿನಲ್ಲಿ ಹೇಗೆ ಅಳಿಸಲಿ? ನನ್ನ ತಮ್ಮ ಇಲ್ಲೇ ಇದ್ದಾನೆ, ಬಲಗಡೆಯ ಸಾಲಿನ ಕೊನೆಯಲ್ಲಿ, ಮಗಳ ಜೊತೆ. ಬಸ್ ಡಿಪೋದಲ್ಲಿ ದೊಡ್ಡ ಮೆಕ್ಯಾನಿಕ್. ಈಗ ನನಗಿಂತ ಹೆಚ್ಚು ಓದುತ್ತಾನೆ, ನನ್ನ ಪತ್ರಗಳಲ್ಲಿ ತಪ್ಪು ಹುಡುಕುತ್ತಾನೆ. ಅಪ್ಪ ತೀರಿಕೊಂಡಾಗ ಅವನು ಒಂದೇ ಮಾತು ಹೇಳಿದ. “ಊರಿಗೆಲ್ಲ ಅಕ್ಷರ ಜೋಡಿಸಿದರು ಅಕ್ಕಾ, ನನಗೆ ಒಂದು ಹಾಳೆ ಕೊಡಲಿಲ್ಲ.” ಅವತ್ತೂ ನಾನು ಬಾಯಿ ಬಿಡಲಿಲ್ಲ.

ತಮ್ಮಾ, ಕೊಟ್ಟಿದ್ದರು ಕಣೋ.

ಅವನು ಏಳುತ್ತಿದ್ದಾನೆ. ದಾರಿ ಬಿಡಿ, ದಯವಿಟ್ಟು ಯಾರೂ ತಡೆಯಬೇಡಿ. ಹೋಗುವುದಾದರೆ ಹೋಗಲಿ. ನಾನು ಅವನ ಜಾಗದಲ್ಲಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಇಲ್ಲ, ಬಾಗಿಲ ಕಡೆಗಲ್ಲ. ಕಪಾಟಿನ ಹತ್ತಿರ ನಿಂತ. ಮಕ್ಕಳೇ, ಗಲಾಟೆ ಬೇಡ. ಒಂದು ಪುಸ್ತಕ ತೆಗೆದ. ನೆಲದ ಮೇಲೆ ಕುಳಿತ. ಅವನ ಉಗುರು ಯಾವಾಗಲೂ ಗ್ರೀಸು, ನನಗೆ ಇಲ್ಲಿಂದಲೂ ಕಾಣುತ್ತದೆ... ಟೇಪು ಕೀಳುತ್ತಿದ್ದಾನೆ. ಕೆಂಪು ಟೇಪು. ನಿಧಾನವಾಗಿ, ಪುಸ್ತಕ ಹರಿಯದ ಹಾಗೆ.

ಮಗಳೂ ಹೋದಳು. ಪಕ್ಕದಲ್ಲಿ ಕುಳಿತಳು.

ಅಧ್ಯಕ್ಷರೇ, ಈಗ ನೀವೂ ಗಡಿಯಾರ ನೋಡುತ್ತಿಲ್ಲ. ಹಾಗಾದರೆ ಒಂದೇ ಬೇಡಿಕೆ. ಬಿಚ್ಚಿದ ಬೈಂಡುಗಳು ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂದು ಗೋಣಿಚೀಲದಲ್ಲಿವೆ, ನಾಳೆ ರದ್ದಿಯವನಿಗೆ ಹೋಗಲಿವೆ ಎಂದು ಜವಾನರು ಹೇಳಿದರು. ಆ ಚೀಲ ಇಲ್ಲಿಗೆ ಬರಲಿ. ಹರಿದದ್ದಕ್ಕೆ ಹೊಸ ಕಾಗದ ನಾನು ತರುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುವ ಮುನ್ನ ಒಬ್ಬೊಬ್ಬರು ಒಂದೊಂದು ಪುಸ್ತಕಕ್ಕೆ ಬೈಂಡ್ ಹಾಕೋಣ. ಸಮಿತಿಯವರು ಎರಡೆರಡು ಹಾಕಲಿ. ದೀಪ ಇರಲಿ, ಹೊಸ ಬಣ್ಣವೂ ಇರಲಿ, ಟೀಚರ್ ಹೆಸರೂ ಇರಲಿ. ಹಂತದ ಫಲಕ ಮಾತ್ರ ಇಳಿಸಿ.

ಟೀಚರ್, ನಿಮ್ಮ ಬಗ್ಗೆ ಒಳ್ಳೆಯ ಮಾತು ಆಡಲು ಬಂದು ಸಮಯವನ್ನೆಲ್ಲ ನನ್ನ ಮನೆಯ ಕಥೆಗೇ ತಿಂದುಬಿಟ್ಟೆ. ನೀವು ಕಣ್ಣೊರೆಸಿಕೊಳ್ಳುವುದು ಬಿಟ್ಟು, ಅಲ್ಲಿ ಕುಳಿತ ಹುಡುಗಿಗೆ ಮುಂದಿನ ಪುಸ್ತಕ ಯಾವುದು ಎಂದು ಹೇಳಿ ಹೋಗಿ. ಸನ್ಮಾನ ಅದರ ಆಮೇಲೆ.

ತಾಳ್ಮೆಯಿಂದ ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ನಾನು ಕೆಳಗಿಳಿಯಬೇಕು, ಅಲ್ಲಿ ಕೈ ಸಾಲದು, ತಮ್ಮ ನನ್ನ ಕಡೆ ನೋಡುತ್ತಿದ್ದಾನೆ. ನಮಸ್ಕಾರ.