ಹಳದಿ ಶಾಲು ಹಾಸಿದ ಸೀಟು

…ಬೇಡ, ಬೇಡ, ನೀನು ಏಳಬೇಡ ಸಾಲಿಹಾ! ಕೂತುಕೋ ಮಾರಾಯ್ತಿ, ನೀರು ನಾನೇ ತೆಗೆದುಕೊಳ್ತೇನೆ. ನಿನ್ನ ಅಡಿಗೆಕೋಣೆ ನನಗೆ ಹೊಸತಾ?… ಅಬ್ಬ. ಮಾಣಿಯಲ್ಲಿ ಬಸ್ಸಿಳಿದು ಇಷ್ಟು ಏರುವಾಗ ಮೊಣಗಂಟು ಎರಡೂ ಬೇರೆ ಬೇರೆ ಭಾಷೆಯಲ್ಲಿ ಬೈದವು. ಮನೆ ಕಟ್ಟಲಿಕ್ಕೆ ವಹಾಬಾಕನಿಗೆ ಈ ಗುಡ್ಡದ ತಲೆಯೇ ಆಗಬೇಕಿತ್ತಾ…

ಥೂ, ನನ್ನ ಬಾಯಿ! ಅವರ ಹೆಸರು ತೆಗೆಯಬಾರದು, ತೆಗೆಯಬಾರದು ಅಂತ ಕಲ್ಲಡ್ಕದಿಂದ ಜಪ ಮಾಡಿಕೊಂಡು ಬಂದಿದ್ದೆ. ಬಂದು ಎರಡು ನಿಮಿಷ ಆಗಲಿಲ್ಲ.

ನೀನು ಬೀಡಿ ಕಟ್ಟು. ಕಟ್ಟುತ್ತಲೇ ಕೇಳು. ನಿನ್ನ ಕೈ ಆಡುತ್ತಿದ್ದರೆ ನನಗೂ ಮಾತು ಸಲೀಸು. ಗೇಟಿನ ಹತ್ತಿರ ನಿನ್ನ ಮೈದುನ ಬಾವಾ ಸಿಕ್ಕಿದ. "ಅತ್ತಿಗೆ ಮಾತೇ ಆಡುವುದಿಲ್ಲ ಶಶಿಯಕ್ಕ, ನೀವಾದರೂ ಆಡಿಸಿ" ಅಂದ. ಹೌದಾ? ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು, ಅದು ನಿಮ್ಮ ಕ್ರಮ, ನನಗೆ ಗೊತ್ತುಂಟು. ಬಾಯಿ ತೆರೆಯಬಾರದು ಅಂತ ಎಲ್ಲಿಯೂ ಇಲ್ಲವಲ್ಲ?… ಸರಿ, ಸರಿ. ನೋಡಬೇಡ ಹಾಗೆ. ನಾನೇ ಆಡ್ತೇನೆ. ಮೊದಲಿನಿಂದಲೂ ಹಾಗೆಯೇ ಅಲ್ವಾ ನಮ್ಮದು? ಆಡುವುದು ನಾನು, ಗೋಲು ಯಾರದ್ದು ಅಂತ ನೋಡುವುದು ನೀನು.

ಹ್ಞಾಂ, ನಕ್ಕೆ! ನಕ್ಕೆ ನೀನು, ನಾನು ನೋಡಿದೆ. ಮುಚ್ಚಬೇಡ.

ಕೇಳು ಈಗ. ಹೋಗಿ ಬಂದೆ ಮಾರಾಯ್ತಿ! ಕೊಚ್ಚಿ ನೋಡಿ ಬಂದೆ. ನಮ್ಮ ಫುಟ್‌ಬಾಲ್ ಟೀಮಿನ ಹಳದಿಯವರನ್ನು ಕಣ್ಣೆದುರೇ, ಬಳ್ಳಿಯ ಮೇಲೆ ಒಣಗಿಸಿದ ಬಟ್ಟೆಯಷ್ಟು ಹತ್ತಿರ ನೋಡಿ ಬಂದೆ. ವಹಾಬಾಕ ತೀರಿಹೋಗುವ ವಾರ ನಮ್ಮಿಬ್ಬರಿಗೆ ತೆಗೆದಿಟ್ಟ ಟಿಕೇಟು. "ಶಶಿಯಾದರೂ ಹೋಗಿ ಬಂದು ಹೇಳಲಿ" ಅಂತ ನೀನು ಎರಡನ್ನೂ ಬಾವಾನ ಹತ್ತಿರ ನನ್ನ ಫೋನಿಗೆ ಹಾಕಿಸಿದೆ. ನಾನು ಫೋನನ್ನು ನಂಬುವವಳಾ? ಬಿ.ಸಿ. ರೋಡಿನ ಝೆರಾಕ್ಸ್ ಅಂಗಡಿಯಲ್ಲಿ ಕಾಗದದಲ್ಲಿ ತೆಗೆಸಿದೆ, ಅದಕ್ಕೊಂದು ಪ್ಲಾಸ್ಟಿಕ್ಕು ಹೊದೆಸಿದೆ. ಗೇಟಿನ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದವನಿಗೆ ಮಲಯಾಳದಲ್ಲಿ ಎಂತದೋ ಹೇಳಿ ನಕ್ಕ. ನಗಲಿ.

ಸೀರೆ ಯಾವುದು ಉಟ್ಟದ್ದು ಅಂತ ಕೇಳು? ಹಳದಿ! ಅಚ್ಚ ಹಳದಿ. ಕನ್ನಡಿಯಲ್ಲಿ ನೋಡಿದರೆ ಈ ಪ್ರಾಯದಲ್ಲಿ ಅರಿಶಿನಶಾಸ್ತ್ರಕ್ಕೆ ಕೂರಲು ಹೊರಟವಳ ಹಾಗೆ. ಮನೆಯಿಂದ ಹೊರಡುವಾಗ ನಾಚಿಕೆ, ಮಂಗಳೂರಲ್ಲಿ ರೈಲು ಹತ್ತುವಾಗಲೂ ನಾಚಿಕೆ. ಕೊಚ್ಚಿಯ ಮೆಟ್ರೋದಲ್ಲಿ ನೋಡಿದರೆ, ಅಮ್ಮಾ! ಇಡೀ ಬೋಗಿ ಹಳದಿ. ಅಜ್ಜಂದಿರು, ಎದೆಹಾಲು ಕುಡಿಯುವ ಮಕ್ಕಳು, ಕನ್ಯಾಸ್ತ್ರೀಯರಿಬ್ಬರು, ನಿಮ್ಮವರು, ನಮ್ಮವರು, ಎಲ್ಲರೂ ಹಳದಿ. ಯಾರು ಯಾರೊಟ್ಟಿಗೆ ಬಂದದ್ದು ಅಂತ ಕೇಳುವವರೇ ಇಲ್ಲ. ನನಗೆ ಅಳು ಬಂತು ನೋಡು. ಮೆಟ್ರೋದಲ್ಲಿ, ಕಂಬ ಹಿಡಿದು ನಿಂತು.

ಎಂತಕ್ಕಾ? ಎಂತಕ್ಕೋ. ಬಂತು.

ಕಲ್ಲಡ್ಕದ ಆ ಬಾಡಿಗೆಮನೆ ನೆನಪಾಯಿತು ಅಂತ ಇಟ್ಟುಕೋ. ನಿನ್ನದು ಆಚೆ, ನನ್ನದು ಈಚೆ, ನಡುವೆ ಒಂದು ಬಾಗಿದ ಗೋಡೆ. ಕೊಚ್ಚಿಯ ಹೋಟೆಲಿನ ಕುಕ್ಕು ಕೆಲಸ ಬಿಟ್ಟು ಬರುವಾಗ ವಹಾಬಾಕ ತಂದದ್ದು ಎರಡೇ, ಒಂದು ಟಿ.ವಿ., ಒಂದು ಹಳದಿ ಶಾಲು. ನಾವಿಬ್ಬರು ಬೀಡಿ ಕಟ್ಟುತ್ತಾ ಸುಮ್ಮನೆ ಕಣ್ಣು ಹಾಯಿಸಿದವರು. ಆಮೇಲೆ? ಹಳದಿಯವರು ಗೋಲಿನ ಹತ್ತಿರ ಹೋದರೆ ನನ್ನ ನೂಲು ತುಂಡಾಗುತ್ತಿತ್ತು, ಸೋತ ದಿನ ನಿನ್ನ ಮನೆಯಲ್ಲಿ ಮೀನಿಗೆ ಉಪ್ಪಿಲ್ಲ. ಬೀಡಿ ಬ್ರಾಂಚಿನವ ಕೇಳಿದ್ದನಲ್ಲ, "ಶನಿವಾರದ ಬೀಡಿ ಮಾತ್ರ ಯಾಕೆ ಸಡಿಲ?" ಅಂತ. ನೀನು ಹೇಳಿದೆ, ಪೆನಾಲ್ಟಿ ಮಿಸ್ಸಾಯಿತು ಅಂತ! ಅವನ ಮುಖ!

ಒಮ್ಮೆಯಾದರೂ ಹೋಗುವ, ಒಟ್ಟಿಗೆ ಹೋಗುವ ಅಂತ ಎಷ್ಟು ವರ್ಷ ಹೇಳಿಕೊಂಡೆವು ನಾವು? ನೀವು ಇಲ್ಲಿಗೆ ಬಂದ ಮೇಲೂ ಫೋನಲ್ಲಿ ಅದೇ ಮಾತು. ಹೋದ ವರ್ಷವೇ ಆಗುತ್ತಿತ್ತು. ಎಲ್ಲ ತಯಾರಿತ್ತು. ಅಷ್ಟರಲ್ಲಿ ನನಗೆ ಆ ಹಾಳು ಜ್ವರ… ನೀನು ಮಂಗಳೂರು ಸ್ಟೇಷನ್ನಿನವರೆಗೆ ಹೋಗಿ, ರೈಲು ಹೊರಡುವುದನ್ನು ನೋಡಿ ವಾಪಸು ಬಂದವಳು. ಒಬ್ಬಳೇ ಹೋಗಿ ಯಾರೊಟ್ಟಿಗೆ ಕೂಗುವುದು ಅಂದೆ. ಬೈಯಲಿಲ್ಲ. ಮೇಲಿಂದ ನನ್ನ ಜ್ವರ ಡೆಂಗಿಯೇ ಅಂತ ಫೋನಲ್ಲೇ ತೀರ್ಮಾನ ಕೊಟ್ಟು, ಮರುದಿನ ಬೆಳಿಗ್ಗೆ ವಹಾಬಾಕನ ಸ್ಕೂಟರಲ್ಲಿ ಪಪ್ಪಾಯಿ ಎಲೆ! ಒಂದು ದಿನ ಅಲ್ಲ, ಮೂರು ದಿನ. ಆ ಕಹಿ, ಅಬ್ಬ, ಆ ಕಹಿ ಈಗಲೂ ನಾಲಿಗೆಯ ಬುಡದಲ್ಲಿ ಉಂಟು. ಒಳಗೆ ಬನ್ನಿ ಅಂದರೆ ಬರುವವರಲ್ಲ ಅವರು. ಅಂಗಳದಲ್ಲೇ ನಿಂತು, ನಾನು ಅರೆದು, ಹಿಂಡಿ, ಕುಡಿದು, ಲೋಟ ಕವುಚಿ ತೋರಿಸಿದ ಮೇಲೆಯೇ ಸ್ಕೂಟರ್ ತಿರುಗಿಸುವುದು. ಮೂರನೇ ದಿನ ಹೇಳಿದರು, "ಮುಂದಿನ ವರ್ಷ ಟಿಕೇಟು ನಾನೇ ತೆಗೆಯುತ್ತೇನೆ. ಆಗ ಜ್ವರ ಬರಿಸಿಕೊಳ್ಳಬೇಡಿ ಶಶಿಯಕ್ಕ." ನಗಾಡಿದರು. ನಾನೂ ನಗಾಡಿದೆ.

ಒಳ್ಳೆ ಮನುಷ್ಯ. ಹೇಳಿದ ಹಾಗೆ ತೆಗೆದಿಟ್ಟೇ ಹೋದರು, ನೋಡು.

…ಇರಲಿ. ಅಳಿಸಲಿಕ್ಕೆ ಬಂದದ್ದಲ್ಲ ನಾನು. ಮ್ಯಾಚಿಗೆ ಬರುವ.

ಒಳಗೆ ಹೋದೆ. ಮೆಟ್ಟಲು ಹತ್ತಿ, ಒಂದು ಬಾಗಿಲಿನ ಹಾಗಿನದ್ದು ದಾಟಿ ತಲೆ ಎತ್ತಿದರೆ, ಹಸುರು! ಟಿ.ವಿ.ಯಲ್ಲಿ ನೋಡಿದ ಹಸುರಲ್ಲ ಅದು. ಆಗ ತಾನೇ ನೀರು ಬಿಟ್ಟ ಭತ್ತದ ನೇಜಿಗದ್ದೆಯ ಹಸುರು. ಮತ್ತೆ ಶಬ್ದ. ಕಂಬಳದ ಗದ್ದಲ ಕೇಳಿದ ಕಿವಿ ನನ್ನದು, ಆದರೂ ಬೆಚ್ಚಿಬಿದ್ದೆ. ಕಿವಿಗೆ ಅಲ್ಲ, ಹೊಟ್ಟೆಗೆ ಕೇಳುವ ಶಬ್ದ ಅದು. ನಿನ್ನ ಉದ್ದ ಕೂದಲಿನವನು ಉಂಟಲ್ಲ, ಏಳನೇ ನಂಬರಿನವನು, ಅವನು ಟಿ.ವಿ.ಯಲ್ಲಿ ಕಂಡಷ್ಟು ಎತ್ತರ ಇಲ್ಲ. ಹೌದು, ಸಣ್ಣ ಮನುಷ್ಯ! ನಮ್ಮ ಬದಿಯ ಗೆರೆಯ ಹತ್ತಿರ ಬಂದು ಬಗ್ಗಿ, ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದ. ಇಷ್ಟು ಓಡಿದರೆ ಇವನಿಗೂ ಸುಸ್ತಾಗುತ್ತದಲ್ಲ ಅಂತ ಕಂಡಿತು. ಟಿ.ವಿ.ಯಲ್ಲಿ ಅದು ತೋರಿಸುವುದಿಲ್ಲ.

ಮತ್ತೆ ನಿನ್ನ ಸೀಟು. ಅದನ್ನು ಬಿಟ್ಟು ಕೊಡಲಿಲ್ಲ, ಕೇಳು! ನಿನ್ನ ಟಿಕೇಟು ನನ್ನ ಕೈಯಲ್ಲಿ ಉಂಟಲ್ಲ. ಹೋದ ಕೂಡಲೇ ಬ್ಯಾಗಿನಿಂದ ನನ್ನದೊಂದು ಹಳದಿ ಶಾಲು ತೆಗೆದು ಪಕ್ಕದ ಕುರ್ಚಿಗೆ ಹಾಸಿದೆ, ನಾವು ಬಸ್ಸಲ್ಲಿ ಟವೆಲು ಹಾಕಿ ಜಾಗ ಹಿಡಿಯುವುದಿಲ್ಲವಾ, ಹಾಗೆ. ಅಲ್ಲಿ ಆ ಕ್ರಮ ಇಲ್ಲ ಅಂತ ತೋರುತ್ತದೆ. ಎಲ್ಲರೂ ಶಾಲನ್ನು ಕುತ್ತಿಗೆಗೆ ಹಾಕಿಕೊಂಡು ಕುಣಿಯುವವರು, ನಾನೊಬ್ಬಳು ಅದನ್ನು ಕುರ್ಚಿಗೆ ಉಡಿಸಿ ಕಾಯುವವಳು. ಒಬ್ಬ ದಪ್ಪದವನು ಬಂದು ಕೂರಲು ನೋಡಿದ. ನಾನು ಬಿಡ್ತೇನಾ? ಬಾಯಿ ತೆರೆಯಲಿಲ್ಲ. ನೀನು ಹೋದ ವರ್ಷ ಬಸ್ಸಲ್ಲಿ ಆ ಕೊಡೆಯ ಮನುಷ್ಯನಿಗೆ ಮಾಡಿದೆಯಲ್ಲ, ಅದೇ ಹಾಗೆ, ಶಾಲಿನ ಮೇಲೆ ಅಂಗೈ ಊರಿ, ತಲೆ ಮಾತ್ರ ಅಲ್ಲಾಡಿಸಿ…

…ಯಾಕೆ? ಕೈ ಯಾಕೆ ನಿಲ್ಲಿಸಿದೆ?

ನೂಲು ಮುಗಿಯಿತಾ? ಇಲ್ಲಿ ಉಂಟಲ್ಲ ನೂಲು.

ಆ ಕೊಡೆಯವನ ವಿಷಯವಾ? ನೀನೇ ಹೇಳಿದ್ದಲ್ಲವಾ ಸಾಲಿಹಾ… ಫೋನಲ್ಲಿ? ಹೇಳಿದ್ದೆ, ಹೇಳಿದ್ದೆ. ಹೇಳದೆ ನನಗೆ ಹೇಗೆ ಗೊತ್ತಾಗಬೇಕು? ನಾನು ಮನೆಯಲ್ಲಿ ಕಂಬಳಿ ಹೊದ್ದು… ಜ್ವರದಲ್ಲಿ… ನೀನಲ್ಲದಿದ್ದರೆ ವಹಾಬಾಕ ಹೇಳಿರಬೇಕು. ಅವರು ಬಸ್ಸಲ್ಲಿ ಇರಲಿಲ್ಲ ಅಂತೀಯಾ? ಇರಲಿಲ್ಲ. ಹೌದು. ಇರಲಿಲ್ಲ.

ಮಾತಾಡು ಮಾರಾಯ್ತಿ. ಸುಮ್ಮನೆ ನೋಡಬೇಡ.

…ಆಯಿತು. ಜ್ವರ ಇರಲಿಲ್ಲ.

ಕಲ್ಲಡ್ಕದಲ್ಲಿ, ಸ್ಟಾಪಿನ ಎದುರಿನ ಟೀ ಹೋಟೆಲಿನ ಕಂಬದ ಹಿಂದೆ ಇದ್ದೆ. ಬ್ಯಾಗು ಹಿಡಿದು, ಹಳದಿ ಕುಪ್ಪಸ ಹಾಕಿ, ಹೂ ಮುಡಿದು. ಬಸ್ಸಿಗೆ ಇನ್ನು ಐದು ನಿಮಿಷ. ಡೊಂಬಯ್ಯಣ್ಣ ಟೀ ಕುಡಿಯುತ್ತಾ ಕೂತಿದ್ದರು. "ಎಲ್ಲಿಗೆ ಶಶಿ, ಬ್ಯಾಗೆಲ್ಲ ಹಿಡಿದು? ಬ್ಯಾರ್ತಿಯೊಟ್ಟಿಗೆ ಕೇರಳ ಟೂರಂತೆ, ಹೌದಾ?" ಅಂದರು, ನಿನ್ನ ಹೆಸರಲ್ಲ, ನಿನ್ನ ಜಾತಿ ಹಿಡಿದು. ಅಲ್ಲಿದ್ದ ನಾಲ್ಕು ಜನ ನಕ್ಕರು. ಅಷ್ಟೇ ಸಾಲಿಹಾ. ಅಷ್ಟೇ! ಯಾರೂ ಅಡ್ಡ ನಿಲ್ಲಲಿಲ್ಲ, ಯಾರೂ ಜೋರು ಮಾಡಲಿಲ್ಲ. ನಕ್ಕರು. ನನ್ನ ಮಗ ಭವಿತ್‌ಗೆ ಆಗ ಹುಡುಗಿ ನೋಡುವ ಸಮಯ, ಡೊಂಬಯ್ಯಣ್ಣನೇ ನಡುವೆ ನಿಂತು ಮಾತಾಡುವವರು. ನನ್ನ ಬಾಯಿಯಿಂದ ಬಂತು, "ಇಲ್ಲಪ್ಪ, ಎಲ್ಲಿಗೂ ಇಲ್ಲ. ಟೀ ಕುಡಿಯಲಿಕ್ಕೆ ಬಂದದ್ದು." ಎರಡು ದಿನದ ಬಟ್ಟೆ ತುಂಬಿದ ಬ್ಯಾಗು ಹಿಡಿದು ಟೀ ಕುಡಿಯಲಿಕ್ಕೆ!

ಬಸ್ಸು ಬಂತು. ಕಿಟಕಿಯಲ್ಲಿ ನೀನು. ಪಕ್ಕದಲ್ಲಿ ಶಾಲು. ಆ ಕೊಡೆಯವನಿಗೆ ತಲೆ ಅಲ್ಲಾಡಿಸಿದೆ. ಕಂಡಕ್ಟರಿಗೆ ಎಂತದೋ ಹೇಳಿದೆ, ನನಗೆ ಕೇಳಲಿಲ್ಲ, ಆದರೂ ಕೇಳಿತು. ಬರ್ತಾಳೆ, ಒಂದು ನಿಮಿಷ, ಬರ್ತಾಳೆ. ಅವನು ನಿಲ್ಲಿಸಿದ. ನೀನು ಕತ್ತು ಹೊರಗೆ ಹಾಕಿ ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಸೀಟಿ ಊದಿದ. ಹೋಯಿತು.

ಟೀ ಕುಡಿದೆ. ಕುಡಿಯಲಿಕ್ಕೆ ಅಂತ ಹೇಳಿ ಆಗಿತ್ತಲ್ಲ. ಆ ಸಂಬಂಧವೂ ಕೂಡಿ ಬರಲಿಲ್ಲ, ಅದು ಬೇರೆ ಮಾತು.

ಈ ಸಲ ಅದೇ ಹೋಟೆಲಿನ ಎದುರೇ ಹತ್ತಿದೆ. ಡೊಂಬಯ್ಯಣ್ಣ ಇದ್ದರು. "ಎಲ್ಲಿಗೆ?" ಅಂದರು. ಕೊಚ್ಚಿಗೆ, ಫುಟ್‌ಬಾಲ್ ನೋಡಲಿಕ್ಕೆ, ನಮ್ಮ ಸಾಲಿಹಾಳೊಟ್ಟಿಗೆ ಅಂದೆ. ಇಡೀ ಹೋಟೆಲಿಗೆ ಕೇಳುವ ಹಾಗೆ ಅಂದೆ! ಯಾರೂ ನಗಲಿಲ್ಲ. ಎಷ್ಟು ಸಸಾರ ನೋಡು. ನೀನು ಬಸ್ಸಲ್ಲಿ ಇಲ್ಲದಾಗ.

ಮ್ಯಾಚು ಯಾರು ಗೆದ್ದದ್ದು ಅಂತ ನೀನು ಕೇಳಲೇ ಇಲ್ಲ. ಕೇಳಿದರೂ… ಗೋಲು ಆಗುವಾಗ ನಾನು ಶಾಲು ಸರಿಮಾಡುತ್ತಿದ್ದೆ. ಎಲ್ಲರೂ ಎದ್ದರು, ಯಾರೋ ನನ್ನನ್ನು ತಬ್ಬಿದರು. ನಾನು ಪಕ್ಕಕ್ಕೆ ತಿರುಗಿದೆ.

ಬೈ ಸಾಲಿಹಾ. ಒಂದು ಕೆಟ್ಟ ಮಾತಾದರೂ ಆಡು.

…ನಿನ್ನ ಮುಖದಲ್ಲಿ ಯಾಕೆ ಎಂತದೂ ಇಲ್ಲ? ನಾನು ಇಷ್ಟು ಹೇಳಿದೆ, ಕಣ್ಣು ಸಹ ದೊಡ್ಡದಾಗಲಿಲ್ಲ. ಪುನಃ ಕತ್ತರಿ ಹಿಡಿದೆ, ಎಲೆ ಕತ್ತರಿಸ್ತಾ ಇದ್ದೀ. ಹೊಸ ಸುದ್ದಿ ಕೇಳಿದವರು ಹೀಗೆ ಇರ್ತಾರಾ?

ನೋಡಿದ್ದೆಯಾ?

ಕತ್ತು ಹೊರಗೆ ಹಾಕಿದಾಗ… ಈ ಕಡೆ ನೋಡಿದಾಗ… ಕಂಬದ ಹಿಂದೆ…?

ತಲೆ ತಗ್ಗಿಸಬೇಡ. ಅಂದರೆ ನೀನು ಮನೆಗೆ ಬಂದು ವಹಾಬಾಕನಿಗೂ ಹೇಳಿದ್ದೆ. ಗೊತ್ತಿತ್ತು. ನಿಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೇ ಅವರು ಮೂರು ದಿನ, ಬಿಸಿಲಲ್ಲಿ, ಅಂಗಳದಲ್ಲಿ… ನಾನು ಲೋಟ ಕವುಚಿ ತೋರಿಸುವುದನ್ನು ನೋಡುತ್ತಾ…

"ಆಗ ಜ್ವರ ಬರಿಸಿಕೊಳ್ಳಬೇಡಿ ಶಶಿಯಕ್ಕ."

ಅಯ್ಯೋ, ಸಾಲಿಹಾ. ತಪ್ಪಾಯಿತು ಅಂತ ಅವರ ಹತ್ತಿರ ಇನ್ನು ಹೇಗೆ ಹೇಳುವುದು ನಾನು?