ಗುಲಾಷಿಗೆ ಬಿದ್ದ ಗುಂಟೂರು ಮೆಣಸು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ದೊಡ್ಡ ಮನೆ, ದೊಡ್ಡ ಗಂಟಲು, ಬಗ್ಗದ ಕುತ್ತಿಗೆ. ಇಗರ್ಜಿಯಲ್ಲಿ ಮುಂದಿನ ಬೆಂಚೇ ಅವನದು. ಯಾರೂ ನಮ್ಮ ಮುಂದಿನ ಬೆಂಚಿನ ಕಡೆ ತಿರುಗಿ ನೋಡಬೇಡಿ, ಇದು ಬೇರೆ ಊರಿನ ಕಥೆ! ಅಮ್ಮ ತೀರಿಕೊಂಡ ದಿನ ಈ ಮನುಷ್ಯ ಊರೆದುರಿಗೇ ತಮ್ಮನಿಗೆ ಹೇಳಿದ: "ಬದುಕಿದ್ದಾಗ ಅಮ್ಮನಿಗೆ ಗಂಜಿ ಹಾಕದವನು ಈಗ ಪೆಟ್ಟಿಗೆಗೆ ಹೆಗಲು ಕೊಡುವುದು ಬೇಡ." ತಮ್ಮ ಸರಿದು ನಿಂತ. ಆಮೇಲೆ ಹಂಗೇರಿ ದೇಶಕ್ಕೆ ಕೆಲಸಕ್ಕೆ ಹೊರಟುಹೋದ.

ವರ್ಷಗಳ ಮೇಲೆ ರಜೆಗೆ ಬಂದ. ನಾಳೆ ವಾಪಸ್ಸು, ಮತ್ತೆ ಬರುತ್ತಾನೋ ಇಲ್ಲವೋ. ಶ್ರೀಮಂತನ ಎದೆಯಲ್ಲಿ ಮುಳ್ಳು. ಹೆಂಡತಿ ಅಂದಳು, "ಹೋಗಿ 'ತಪ್ಪಾಯ್ತು' ಅಂತ ಒಂದು ಮಾತು ಹೇಳಿಬಿಡಿ." ಅದೊಂದು ಆಗದು! "ಅವನಿಗೆ ಇಷ್ಟದ ಹಂಗೇರಿಯ ಬೀಫ್ ಗುಲಾಷ್, ಅದೇ ಆ ಮಾಂಸದ ಸಾರು, ನಾನೇ ಮಾಡಿ ಬಡಿಸ್ತೇನೆ. ಅವನಿಗೆ ಅರ್ಥ ಆಗ್ತದೆ" ಅಂದ.

ಹಟ ನೋಡಿ! ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದ ಮನುಷ್ಯ ಸೊಂಟಕ್ಕೆ ಟವೆಲ್ ಕಟ್ಟಿದ. ರಾಶಿ ಈರುಳ್ಳಿ ಹೆಚ್ಚಿದ, ಹುರಿದ, ಮಾಂಸದ ತುಂಡು ಹಾಕಿದ. ಕುಕ್ಕರ್ ಬೇಡ, ಸಣ್ಣ ಉರಿಯಲ್ಲೇ ಬೇಯಬೇಕು ಅಂತ ಮಧ್ಯಾಹ್ನವಿಡೀ ಒಲೆಯ ಮುಂದೆ ನಿಂತ. ಮೊಬೈಲಿನ ರೆಸಿಪಿಯಲ್ಲಿ 'ಕೆಂಪು ಮೆಣಸಿನಪುಡಿ, ಧಾರಾಳವಾಗಿ' ಅಂತಿತ್ತು. ಧಾರಾಳವಾಗಿಯೇ ಸುರಿದ. ಹಂಗೇರಿಯ ಪುಡಿ ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಹೆಚ್ಚು, ಖಾರ ಕಮ್ಮಿ. ಇವನು ಸುರಿದದ್ದು ಯಾವುದು? ಗುಂಟೂರು!

ತಮ್ಮ ಬಂದ, ಕೂತ, ಬ್ರೆಡ್ಡು ಅದ್ದಿ ತಿಂದ. ಕಣ್ಣಲ್ಲಿ ದಳದಳ ನೀರು. ಬಡಿಸಿದ್ದನ್ನು ಬೇಡ ಅನ್ನಬಾರದು ಅಂತ ಕಲಿತವನು, ಸುಮ್ಮನೆ ತಿಂದ. ಶ್ರೀಮಂತನಿಗೆ ಖುಷಿಯೋ ಖುಷಿ. 'ಕರಗಿದ! ಮಾತೇ ಬೇಕಾಗಲಿಲ್ಲ!' ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟ. ಕಿವಿಯಲ್ಲಿ ಹೊಗೆ! "ಅಯ್ಯೋ ದೇವರೇ, ತಪ್ಪಾಯ್ತು ಮಾರಾಯ!" ಅಂದುಬಿಟ್ಟ.

ತಮ್ಮ ಬ್ರೆಡ್ಡು ಕೆಳಗಿಟ್ಟು ಕೇಳಿದ: "ಯಾವುದಕ್ಕೆ ಅಣ್ಣ? ಖಾರಕ್ಕಾ?"

ಈಗ ಏನು ಮಾಡ್ತಾನೆ, ಹೇಳಿ? 'ಹೌದು, ಖಾರಕ್ಕೇ' ಅಂತ ನಕ್ಕರೆ ಮಾನ ಉಳಿಯುತ್ತದೆ. ತಮ್ಮ ಉಳಿಯುವುದಿಲ್ಲ. ಶ್ರೀಮಂತ ಹಲ್ಲು ಕಚ್ಚಿ ಎದ್ದು ನಿಂತ. "ಅಲ್ಲ. ಅಮ್ಮನ ಪೆಟ್ಟಿಗೆಗೆ ನೀನು ಹೆಗಲು ಕೊಡದ ಹಾಗೆ ತಡೆದೆನಲ್ಲ, ಅದಕ್ಕೆ. ಅದು ನನ್ನ ತಪ್ಪು."

ತಮ್ಮ ಎದ್ದು ಬಂದು ಅಣ್ಣನನ್ನು ತಬ್ಬಿಕೊಂಡ. "ಇದೊಂದು ಮಾತು ಕೇಳೋಕೆ ಅಷ್ಟು ದೂರದಿಂದ ಬಂದೆ" ಅಂದ.

ಪ್ರಿಯರೇ, ನಾವೇನು ಕಮ್ಮಿಯೇ? ಹೆಂಡತಿಯನ್ನು ಬೈದು ಮಲ್ಲಿಗೆ ತರುತ್ತೇವೆ. ಮಗನಿಗೆ ಹೊಡೆದು ಐಸ್‌ಕ್ರೀಮ್ ಕೊಡಿಸುತ್ತೇವೆ. ನೆರೆಯವರ ಮರ್ಯಾದೆ ತೆಗೆದು ಕ್ರಿಸ್‌ಮಸ್ಸಿಗೆ ತಟ್ಟೆ ತುಂಬ ತಿಂಡಿ ಕಳಿಸುತ್ತೇವೆ. ಬಾಯಿ ಮಾತ್ರ ಬಿಡುವುದಿಲ್ಲ! 'ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ' ಅನ್ನಬೇಡಿ, ಅದು ಜಾರಿಕೊಳ್ಳುವ ಮಾತು. ತಪ್ಪಿನ ಹೆಸರು ಹೇಳಿ. ಇವತ್ತು ಮನೆಗೆ ಹೋಗಿ, ಊಟಕ್ಕೆ ಕೂರುವ ಮುಂಚೆ, ನೋಯಿಸಿದವರ ಎದುರು ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳಿ. ದೂರದಲ್ಲಿದ್ದರೆ ಫೋನ್ ಮಾಡಿ. ನಾಲಿಗೆಗೆ ಖಾರ ಹತ್ತುತ್ತದೆ, ಹತ್ತಲಿ. ಹೇಳಿ.